ಬಡಾವಣೆಯ ಸಮುದಾಯ ತೋಟ: ನಡೆಸುವವರನ್ನೂ ದುಡಿಯುವವರನ್ನೂ ಕೂಡಿಸುವ ಬಗೆ

ಬೆಂಗಳೂರಿನ ಬಡಾವಣೆಗಳಲ್ಲಿ ಹತ್ತಿಪ್ಪತ್ತು ಮನೆಯವರು ಸೇರಿ ಖಾಲಿ ನಿವೇಶನದಲ್ಲೋ, ಅಪಾರ್ಟ್‌ಮೆಂಟಿನ ಹಿಂಬದಿಯಲ್ಲೋ, ಉದ್ಯಾನದ ಒಂದು ಮೂಲೆಯಲ್ಲೋ ಸೊಪ್ಪು ತರಕಾರಿ ಬೆಳೆಯುವುದು ಈಗ ಹೊಸ ಸಂಗತಿಯಲ್ಲ. ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ವರ್ಷಗಟ್ಟಲೆ ತರಬೇತಿ ನೀಡಿದ್ದರಿಂದ ಮತ್ತು 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಮೇಳದಂಥ ಪ್ರಯತ್ನಗಳಿಂದ ತಾರಸಿ ತೋಟದ ತಿಳಿವಳಿಕೆ ನಗರದಲ್ಲಿ ಸಾಕಷ್ಟು ಹರಡಿದೆ. ಆದರೆ ಒಂದು ಮನೆಯ ತೋಟಕ್ಕೂ ಇಪ್ಪತ್ತು ಮನೆಯ ತೋಟಕ್ಕೂ ದೊಡ್ಡ ಅಂತರವಿದೆ. ಮನೆಯ ತೋಟಕ್ಕೆ ನೀರು ಹಾಕಲು ಮರೆತವರು ಸಂಜೆಗಾದರೂ ನೆನಪಿಸಿಕೊಂಡು ಹಾಕುತ್ತಾರೆ. ಎಲ್ಲರ ತೋಟದಲ್ಲಿ ಬೇರೆ ಯಾರೋ ಹಾಕಿರುತ್ತಾರೆಂದು ಪ್ರತಿಯೊಬ್ಬರೂ ನಂಬಿರುತ್ತಾರೆ. ಮಣ್ಣು, ಬೀಜ, ಕೀಟಗಳ ಕುರಿತು ಓದಲು ಬೇಕಾದಷ್ಟು ಸಿಗುವುದರಿಂದ ಈ ಲೇಖನದಲ್ಲಿ ಅವುಗಳನ್ನು ಬದಿಗಿಟ್ಟು, ತೋಟವನ್ನು ನಡೆಸುವ ಜನರನ್ನು ಹೇಗೆ ಜೋಡಿಸಿಕೊಳ್ಳಬೇಕೆಂಬುದನ್ನು ಕ್ರಮವಾಗಿ ಹೇಳಲಾಗಿದೆ.

ಮೊದಲು ಜಾಗದ ಕಾಗದ

ಗುದ್ದಲಿ ಹಿಡಿಯುವ ಮುನ್ನ ಜಾಗ ಯಾರದ್ದು, ಎಷ್ಟು ಕಾಲಕ್ಕೆ ಸಿಗುತ್ತದೆ ಎಂಬುದು ಬರವಣಿಗೆಯಲ್ಲಿ ಇರಬೇಕು. ಖಾಸಗಿ ನಿವೇಶನವಾದರೆ ಮಾಲೀಕರಿಂದ ಒಂದು ಪುಟದ ಪತ್ರ ಸಾಕು. ಅದರಲ್ಲಿ ಅವಧಿ, ಜಾಗ ಬಿಡಿಸಿಕೊಳ್ಳುವುದಾದರೆ ಎಷ್ಟು ತಿಂಗಳ ಮುಂಚೆ ತಿಳಿಸಬೇಕು, ನೀರು ಎಲ್ಲಿಂದ, ಬೇಲಿಯ ಖರ್ಚು ಯಾರದ್ದು ಎಂಬ ನಾಲ್ಕು ವಿಷಯಗಳು ಸ್ಪಷ್ಟವಾಗಿರಲಿ. ಮೂರು ತಿಂಗಳ ಮುನ್ಸೂಚನೆ ಕೇಳುವುದು ನ್ಯಾಯವಾದದ್ದು, ಏಕೆಂದರೆ ಬದನೆಯಂಥ ಬೆಳೆಗೆ ಸಸಿ ನೆಟ್ಟಲ್ಲಿಂದ ಒಂದು ಸುತ್ತು ಕೊಯ್ಲು ಮುಗಿಯಲು ಅಷ್ಟು ಕಾಲ ಬೇಕಾಗುತ್ತದೆ.

ಎರವಲು ಜಾಗದಲ್ಲಿ ಮರವಾಗಿ ಬೆಳೆಯುವ ಗಿಡಗಳನ್ನು ನೆಡಬಾರದೆಂಬ ನಿಯಮವನ್ನು ಮೊದಲ ದಿನವೇ ಒಪ್ಪಿಕೊಳ್ಳುವುದು ಒಳ್ಳೆಯದು. ಹುಟ್ಟುಹಬ್ಬಕ್ಕೊಂದು ನೇರಳೆ, ನೆನಪಿಗೊಂದು ಹಲಸು ಎಂದು ಸದಸ್ಯರು ಪ್ರೀತಿಯಿಂದ ತರುತ್ತಾರೆ. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕಾಗುವುದರಿಂದ, ಮುಂದೆ ಮನೆ ಕಟ್ಟಲು ಹೊರಟ ಮಾಲೀಕರು ಆ ಪ್ರೀತಿಯ ಫಲವನ್ನು ಕಚೇರಿಯಿಂದ ಕಚೇರಿಗೆ ಅಲೆದು ಉಣ್ಣಬೇಕಾಗುತ್ತದೆ. ಆಮೇಲೆ ಆ ಬೀದಿಯಲ್ಲಿ ಯಾರೂ ತೋಟಕ್ಕೆ ಜಾಗ ಕೊಡುವುದಿಲ್ಲ.

ಸಾರ್ವಜನಿಕ ಉದ್ಯಾನದ ಮೂಲೆಯಾದರೆ ದಾರಿ ಬೇರೆ. ಉದ್ಯಾನಗಳೂ ಆಟದ ಮೈದಾನಗಳೂ 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಿರುವುದರಿಂದ, ಅರ್ಜಿ ಬರೆಯುವ ಮುನ್ನ ನಿಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆಯೆಂದು ನೋಡಿಕೊಂಡು ಅಲ್ಲಿನ ತೋಟಗಾರಿಕೆ ವಿಭಾಗಕ್ಕೆ ಬರೆಯಿರಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಮಡಿ ಕಟ್ಟಿದರೆ, ಅಧಿಕಾರಿ ವರ್ಗವಾದ ದಿನ ಆ ಒಪ್ಪಿಗೆಯೂ ಅವರೊಡನೆ ಹೋಗುತ್ತದೆ. ಕ್ಷೇಮಾಭಿವೃದ್ಧಿ ಸಂಘ ಈಗಾಗಲೇ ನೋಂದಣಿಯಾಗಿದ್ದರೆ ಅದರ ಹೆಸರಿನಲ್ಲೇ ಅರ್ಜಿ ಹೋಗಲಿ. ಇಲ್ಲವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿ ಸಂಘ ಮಾಡಿಕೊಳ್ಳಬಹುದು, ಆದರೆ ಬರೀ ಹತ್ತು ಮಡಿಯ ತೋಟಕ್ಕಾಗಿ ಅಷ್ಟು ಓಡಾಟ ಬೇಕಿಲ್ಲವೆಂದೇ ನನ್ನ ಅಭಿಪ್ರಾಯ.

ಹೊಣೆ ಹಂಚಿಕೊಳ್ಳುವುದು

ಅಧ್ಯಕ್ಷ, ಉಪಾಧ್ಯಕ್ಷ, ಗೌರವಾಧ್ಯಕ್ಷ ಎಂಬ ಹುದ್ದೆಗಳಿಂದ ತೋಟಕ್ಕೆ ಏನೂ ಸಿಗುವುದಿಲ್ಲ. ಕೆಲಸದ ಹೆಸರಿನಲ್ಲೇ ಹೊಣೆ ಹಂಚಬೇಕು: ನೀರಿಗೊಬ್ಬರು, ಗೊಬ್ಬರದ ಗುಂಡಿಗೊಬ್ಬರು, ಬೀಜ ಮತ್ತು ಸಸಿಮಡಿಗೊಬ್ಬರು, ಹಣಕ್ಕೊಬ್ಬರು, ಇವರೆಲ್ಲರ ನಡುವೆ ಮಾತು ತಪ್ಪದಂತೆ ನೋಡಿಕೊಳ್ಳಲು ಒಬ್ಬ ಸಂಚಾಲಕರು. ಪ್ರತಿ ಹೊಣೆಗೂ ಒಬ್ಬ ಜೊತೆಗಾರರು ಇರಬೇಕು ಮತ್ತು ಗೇಟಿನ ಕೀಲಿಕೈ ಕನಿಷ್ಠ ಮೂರು ಮನೆಗಳಲ್ಲಿರಬೇಕು. ಕೀಲಿ, ಬೀಜದ ಡಬ್ಬಿ, ಬ್ಯಾಂಕಿನ ಪಾಸ್‌ಬುಕ್, ಮಾಲೀಕರ ಫೋನ್ ನಂಬರ್ ಎಲ್ಲವೂ ಒಬ್ಬರ ಮನೆಯಲ್ಲೇ ಇರುವ ತೋಟ ನೋಡಲು ಅಚ್ಚುಕಟ್ಟಾಗಿರಬಹುದು. ಅವರು ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋದಾಗ ಅದರ ಗತಿಯೇನೆಂದು ಯಾರೂ ಯೋಚಿಸಿರುವುದಿಲ್ಲ.

ಹೊಣೆಯ ಅವಧಿ ಒಂದು ವರ್ಷವಿರಲಿ, ಯುಗಾದಿಗೆ ಬದಲಾಗುವುದು ಬೇಡ. ಆ ಹೊತ್ತಿಗೆ ಬಿಸಿಲು ಏರಿರುತ್ತದೆ, ಹೊಸಬರಿಗೆ ಕಲಿಯಲು ಬಿಡುವಿರುವುದಿಲ್ಲ. ಮಳೆ ಹಿಡಿದು ತೋಟ ತನ್ನಷ್ಟಕ್ಕೆ ನಡೆಯುವ ಆಗಸ್ಟ್ ತಿಂಗಳು ಹಸ್ತಾಂತರಕ್ಕೆ ಯೋಗ್ಯ.

ಸ್ವಯಂಸೇವಕರನ್ನು ಕರೆಯುವ ರೀತಿ

ವಾಟ್ಸ್ಯಾಪ್ ಗುಂಪಿನಲ್ಲಿ ‘ಆಸಕ್ತರು ಬನ್ನಿ’ ಎಂದು ಹಾಕಿದರೆ ನಲವತ್ತು ಮಂದಿ ಹೆಬ್ಬೆರಳು ತೋರಿಸುತ್ತಾರೆ, ಭಾನುವಾರ ಬೆಳಗ್ಗೆ ನಾಲ್ವರು ಬರುತ್ತಾರೆ. ಅದಕ್ಕಿಂತ ಮನೆಗೆ ಹೋಗಿ ಕೇಳುವುದು ಮೇಲು. ಕೇಳುವಾಗ ಆಸಕ್ತಿ ಇದೆಯೇ ಎನ್ನುವುದರ ಬದಲು, ವಾರದ ಯಾವ ದಿನ ಯಾವ ಹೊತ್ತು ಬಿಡುವಿರುತ್ತದೆ, ಬಗ್ಗಿ ಕೆಲಸ ಮಾಡಲು ಆಗುತ್ತದೆಯೇ, ಈ ಮನೆಯಲ್ಲಿ ಇನ್ನೆಷ್ಟು ಕಾಲ ಇರುತ್ತೀರಿ ಎಂದು ಕೇಳಿ ಬರೆದುಕೊಳ್ಳಬೇಕು. ಬಾಡಿಗೆ ಮನೆಯವರನ್ನು ಬಿಟ್ಟುಬಿಡುವುದು ಹಲವು ಸಂಘಗಳ ರೂಢಿಯಾಗಿದೆ. ತೋಟದ ಮಟ್ಟಿಗೆ ಅದು ದಡ್ಡತನ, ಏಕೆಂದರೆ ಬೇಗ ಎದ್ದು ಕೆಲಸಕ್ಕೆ ಹೋಗುವ ಮುನ್ನ ಅರ್ಧ ಗಂಟೆ ಕೊಡಬಲ್ಲ ಯುವಕರು ಹೆಚ್ಚಾಗಿ ಅವರಲ್ಲೇ ಇರುತ್ತಾರೆ.

ಹೊಸಬರಿಗೆ ಮೊದಲ ದಿನ ಕೊಡುವ ಕೆಲಸ ಚಿಕ್ಕದಾಗಿರಬೇಕು ಮತ್ತು ಅವರು ಹೊರಡುವ ಮುನ್ನ ಮುಗಿಯುವಂತಿರಬೇಕು. ಒಂದು ಮಡಿಯ ಕಳೆ ತೆಗೆಯುವುದು ಇದಕ್ಕೆ ಸರಿಯಾದ ಕೆಲಸ, ಆದರೆ ಯಾವುದು ಕಳೆ ಎಂದು ತೋರಿಸಲು ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ಹರಿವೆಯ ಎಳೆ ಸಸಿಯನ್ನೂ ತಾನಾಗಿ ಹುಟ್ಟಿದ ಮುಳ್ಳು ಹರಿವೆಯನ್ನೂ ಎರಡೆಲೆಯ ಹಂತದಲ್ಲಿ ಬೇರ್ಪಡಿಸುವುದು ಅಭ್ಯಾಸವಿಲ್ಲದವರಿಗೆ ಆಗದ ಮಾತು. ಪಾರ್ಥೇನಿಯಂ ಇದ್ದರೆ ಕೈಗವಸು ಹಾಕಿಕೊಂಡು, ಹೂ ಬಿಡುವ ಮುನ್ನ ಬೇರುಸಹಿತ ಕಿತ್ತು ಬೇರೆಯೇ ರಾಶಿ ಹಾಕಬೇಕು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಬಡಾವಣೆಯ ತೋಟದಲ್ಲಿ ಹೆಚ್ಚು ತಿಳಿದವರು ಸಾಮಾನ್ಯವಾಗಿ ಸಭೆಯಲ್ಲಿ ಹೆಚ್ಚು ಮಾತಾಡುವವರಾಗಿರುವುದಿಲ್ಲ. ಕೋಲಾರ, ತುಮಕೂರು ಕಡೆಯಿಂದ ಮಗನ ಮನೆಗೆ ಬಂದಿರುವ ಅಜ್ಜಿ, ಮನೆಗೆಲಸಕ್ಕೆ ಬರುವ ಅಕ್ಕ, ಕಟ್ಟಡದ ಕಾವಲುಗಾರರು ನಾವು ಕಳೆಯೆಂದು ಎಸೆದ ರಾಶಿಯಿಂದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪನ್ನು ಆಯ್ದು ಒಂದು ಹೊತ್ತಿನ ಬೆರಕೆ ಸೊಪ್ಪಿನ ಸಾರಿಗೆ ಮಡಿಲು ತುಂಬಿಕೊಂಡು ಹೋಗುತ್ತಾರೆ. ಇವರನ್ನು ಸಂಕೋಚವಾಗದಂತೆ ಕರೆದು, ‘ಅಜ್ಜಿ, ಇದರಲ್ಲಿ ತಿನ್ನೋದು ಯಾವುದು, ಬಿಡೋದು ಯಾವುದು ತೋರಿಸ್ತೀರಾ’ ಎಂದು ಕೇಳಿದರೆ ಒಂದು ಬೆಳಗ್ಗೆಯಲ್ಲಿ ಕಲಿಯುವುದು ಬೇಕಾದಷ್ಟಿರುತ್ತದೆ. ಅವರ ಹೆಸರನ್ನೂ ಪಟ್ಟಿಯಲ್ಲಿ ಬರೆಯಿರಿ, ಕೊಯ್ಲಿನಲ್ಲಿ ಅವರ ಪಾಲನ್ನೂ ಕೊಡಿ.

ನೀರಿನ ಪಾಳಿ

ತೋಟದ ಜನಬಲದ ಪರೀಕ್ಷೆ ನಡೆಯುವುದು ಬೇಸಿಗೆಯಲ್ಲಿ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ, ಏಪ್ರಿಲ್–ಮೇ ತಿಂಗಳಲ್ಲಿ ರಜೆ, ಮದುವೆ, ಊರಿನ ಜಾತ್ರೆ. ಗಿಡಕ್ಕೆ ನೀರು ಹೆಚ್ಚು ಬೇಕಾದ ದಿನಗಳಲ್ಲೇ ಬಡಾವಣೆ ಅರ್ಧ ಖಾಲಿಯಾಗಿರುತ್ತದೆ. ಆದ್ದರಿಂದ ಪಾಳಿಯನ್ನು ಭಾವನೆಯ ಮೇಲಲ್ಲದೆ ಲೆಕ್ಕದ ಮೇಲೆ ಕಟ್ಟಬೇಕು.

ಲೆಕ್ಕ ಹೀಗಿದೆ. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿ ಎರಡೂ ಬದಿಯಿಂದ ನಡುವಿಗೆ ಕೈ ಎಟಕುವ ಅಳತೆ. ಅಂಥ ಹತ್ತು ಮಡಿಗಳ ವಿಸ್ತೀರ್ಣ 400 ಚದರ ಅಡಿ, ಅಂದರೆ ಸುಮಾರು 37 ಚದರ ಮೀಟರ್. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಎಂದು ಹಿಡಿದರೂ 185 ಲೀಟರ್ ಬೇಕು. ಹತ್ತು ಲೀಟರಿನ ಕ್ಯಾನಿನಲ್ಲಿ ಹದಿನೆಂಟು ಹತ್ತೊಂಬತ್ತು ಸಲ ಡ್ರಮ್ಮಿಗೂ ಮಡಿಗೂ ಓಡಾಡಬೇಕು. ಅರವತ್ತು ದಾಟಿದವರೊಬ್ಬರಿಗೆ ಇದನ್ನು ಒಪ್ಪಿಸಿ ಮನೆಗೆ ಬಂದರೆ ಮೂರನೆಯ ವಾರಕ್ಕೆ ಅವರ ಸೊಂಟವೂ ಉತ್ಸಾಹವೂ ಕೈಕೊಡುತ್ತವೆ. ಹಾಗಾಗಿ ಪಾಳಿ ಯಾವಾಗಲೂ ಇಬ್ಬರದ್ದಾಗಿರಲಿ. ವಾರಕ್ಕೆ ಏಳು ಜೋಡಿ, ಪ್ರತಿ ಜೋಡಿಗೂ ಒಂದು ಖಾಯಂ ದಿನ. ದಿನ ಸುತ್ತುತ್ತಾ ಹೋಗುವ ಪಾಳಿ ಕಾಗದದ ಮೇಲೆ ನ್ಯಾಯವಾಗಿ ಕಂಡರೂ ಯಾರಿಗೂ ನೆನಪಿರುವುದಿಲ್ಲ. ‘ನಮ್ಮದು ಗುರುವಾರ’ ಎಂಬುದು ಮಾತ್ರ ಮನಸ್ಸಿನಲ್ಲಿ ಕೂರುತ್ತದೆ.

ಊರಿಗೆ ಹೋಗುವವರು ತಮ್ಮ ಬದಲಿಗೆ ಒಬ್ಬರನ್ನು ತಾವೇ ಹುಡುಕಿ ತಿಳಿಸಬೇಕು, ಆ ಹೊರೆ ಸಂಚಾಲಕರದ್ದಲ್ಲ. ಫೆಬ್ರವರಿಯಲ್ಲೇ ಒಂದು ದೊಡ್ಡ ಕ್ಯಾಲೆಂಡರನ್ನು ಗೇಟಿನ ಒಳಗೆ ನೇತುಹಾಕಿ, ಯಾರು ಯಾವ ತಾರೀಖು ಇರುವುದಿಲ್ಲವೆಂದು ಎಲ್ಲರೂ ತಮ್ಮ ಕೈಯಾರೆ ಬರೆಯುವಂತೆ ಮಾಡಿ. ಮಾರ್ಚ್ ಮಧ್ಯದ ಹೊತ್ತಿಗೆ ಯಾವ ವಾರ ತೆಳ್ಳಗಾಗುತ್ತದೆಂಬುದು ಕಣ್ಣಿಗೇ ಕಾಣುತ್ತದೆ. ಜನ ಕಡಿಮೆಯೆಂದು ಗೊತ್ತಾದರೆ ಮಡಿಯನ್ನೇ ಕಡಿಮೆ ಮಾಡುವುದು ಜಾಣತನ. ಹತ್ತರಲ್ಲಿ ಐದು ಮಡಿಗಳನ್ನು ಮಾರ್ಚ್ ಕೊನೆಗೆ ಬರಿದು ಮಾಡಿ, ಮೂರು ಅಂಗುಲ ದಪ್ಪಕ್ಕೆ ತರಗೆಲೆ ಹೊದಿಸಿ ಮಳೆ ಬರುವವರೆಗೆ ಬಿಡಬಹುದು. ಭರಣಿ ಮಳೆ ಬಿದ್ದ ಮೇಲೆ ಆ ಮಡಿಗಳಲ್ಲಿ ಅಲಸಂದೆಯನ್ನೋ ಹುರುಳಿಯನ್ನೋ ಎರಚಿದರೆ ಮಣ್ಣಿಗೂ ಒಳ್ಳೆಯದು. ಬೆಳೆಯಿರುವ ಮಡಿಗಳಿಗೂ ಅದೇ ಹೊದಿಕೆ ಇದ್ದರೆ ದಿನ ಬಿಟ್ಟು ದಿನ ನೀರು ಸಾಕಾಗಬಹುದು. ಅನುಮಾನವಿದ್ದರೆ ಹೊದಿಕೆ ಸರಿಸಿ ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಚುಚ್ಚಿ ನೋಡಬೇಕು. ತುದಿಗೆ ಮಣ್ಣು ಅಂಟಿದರೆ ಅಂದು ನೀರು ಬೇಡ.

ಎಲ್ಲಿಯ ನೀರು ಎಂಬುದೂ ಸದಸ್ಯರಿಗೆ ತಿಳಿದಿರಬೇಕು. 2024ರ ಮಾರ್ಚಿನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತ್ತು. ಕಾವೇರಿ ನೀರಿನ ನಲ್ಲಿಯನ್ನೇ ನಂಬಿದ ತೋಟಗಳಿಗೆ ಆ ಬೇಸಿಗೆ ಪಾಠವಾಯಿತು. ಅಪಾರ್ಟ್‌ಮೆಂಟಿನ ಕೊಳಚೆ ನೀರು ಸಂಸ್ಕರಣಾ ಘಟಕದ ನೀರನ್ನು ಬಳಸುವುದಾದರೆ ಬುಡಕ್ಕೆ ಮಾತ್ರ, ಹನಿ ಕೊಳವೆಯ ಮೂಲಕ ಕೊಡಬೇಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಯ ಮಡಿಗಳಿಗೆ ಅದು ಬೇಡವೇ ಬೇಡ. ಮಳೆನೀರಿನ ಡ್ರಮ್ಮುಗಳಿಗೆ ಮುಚ್ಚಳ ಅಥವಾ ದಟ್ಟ ಬಲೆ ಕಡ್ಡಾಯ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜುವುದೂ ಪಾಳಿಯ ಕೆಲಸದಲ್ಲೇ ಸೇರಬೇಕು. ಡೆಂಗಿ ಸೊಳ್ಳೆ ತೋಟದಿಂದ ಬಂತೆಂಬ ಒಂದು ಮಾತು ಬೀದಿಯಲ್ಲಿ ಹುಟ್ಟಿದರೆ ಅದನ್ನು ಅಳಿಸುವುದು ಬಹಳ ಕಷ್ಟ.

ಪಾಳಿಯ ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸಲಕರಣೆಯ ಪೆಟ್ಟಿಗೆಯಲ್ಲಿಡಿ. ‘ಮಂಗಳವಾರ. ಹದಿನಾರು ಕ್ಯಾನ್. ಬದನೆಯ ಎಲೆಯಡಿ ಬಿಳಿನೊಣ. ಎರಡನೇ ಡ್ರಮ್ಮಿನ ನಲ್ಲಿ ಸೋರುತ್ತಿದೆ.’ ಇಷ್ಟು ಬರೆದರೆ ಸಾಕು. ಬುಧವಾರದವರು ಬೇವಿನೆಣ್ಣೆಯನ್ನೂ ನಲ್ಲಿಗೆ ಸುತ್ತುವ ಟೇಪನ್ನೂ ಹಿಡಿದುಕೊಂಡೇ ಬರುತ್ತಾರೆ.

ತಪ್ಪಿಸಿಕೊಳ್ಳುವವರ ವಿಷಯ

ಹಳ್ಳಿಗಳ ಮುಯ್ಯಾಳು ಪದ್ಧತಿಯಲ್ಲಿ ಇಂದು ನಿಮ್ಮ ಗದ್ದೆಗೆ ನಾಟಿಗೆ ಬಂದವರ ಗದ್ದೆಗೆ ನಾಳೆ ನೀವು ಹೋಗಲೇಬೇಕು. ಯಾರ ಆಳು ಯಾರಿಗೆ ಬಾಕಿ ಎಂಬ ಲೆಕ್ಕ ಎಲ್ಲಿಯೂ ಬರೆದಿರದಿದ್ದರೂ ಎಲ್ಲರಿಗೂ ಬಾಯಿಪಾಠ. ನಗರದ ತೋಟದಲ್ಲಿ ಸೇವೆಯೆಂಬ ಹೆಸರಿನಡಿ ಆ ಲೆಕ್ಕ ಮಾಯವಾಗುತ್ತದೆ, ಮೂವರು ದುಡಿಯುತ್ತಾರೆ, ಹದಿನೇಳು ಮಂದಿ ಸೊಪ್ಪು ಒಯ್ಯುತ್ತಾರೆ. ನೋಟ್‌ಬುಕ್ ಈ ಲೆಕ್ಕವನ್ನು ಮತ್ತೆ ಕಣ್ಣಮುಂದೆ ತರುತ್ತದೆ, ಆದರೆ ಅದನ್ನು ಯಾರ ಮುಖಕ್ಕೂ ಹಿಡಿಯಬಾರದು. ಎರಡು ಪಾಳಿ ತಪ್ಪಿಸಿದವರಿಗೆ ಗುಂಪಿನಲ್ಲಿ ಬರೆಯದೆ, ಸಂಚಾಲಕರು ಒಂದು ಫೋನ್ ಮಾಡಿ, ‘ಸರ್, ಗುರುವಾರ ತಮಗೆ ಒಗ್ಗುತ್ತಿಲ್ಲ ಅನಿಸುತ್ತದೆ, ಬೇರೆ ದಿನ ಹಾಕಲೇ?’ ಎಂದು ವಿಚಾರಿಸಬೇಕು. ಹೆಚ್ಚಿನವರು ದಿನ ಬದಲಿಸಿಕೊಳ್ಳುತ್ತಾರೆ. ಬಿಡಬೇಕೆಂದಿದ್ದವರಿಗೆ ಮರ್ಯಾದೆಯಿಂದ ಬಿಡಲು ದಾರಿಯಾಗುತ್ತದೆ. ಆಗದವರಿಗೆ ಮನೆಯಲ್ಲೇ ಕುಳಿತು ಮಾಡುವ ಕೆಲಸಗಳೂ ಇವೆ: ಬೀಜ ಬಿಡಿಸಿ ಒಣಗಿಸುವುದು, ಚೀಟಿ ಅಂಟಿಸುವುದು, ಲೆಕ್ಕ ಬರೆಯುವುದು.

ಸಂಬಳದ ಮಾಲಿ ಇದ್ದರೆ

ಕೆಲವು ತೋಟಗಳು ಮಾಲಿಯೊಬ್ಬರನ್ನು ಇಟ್ಟುಕೊಳ್ಳುತ್ತವೆ. ಆಗ ಹತ್ತು ಸದಸ್ಯರು ಹತ್ತು ಬಗೆಯ ಅಪ್ಪಣೆ ಕೊಡುವುದು ಮೊದಲ ತೊಂದರೆ, ಸ್ವಯಂಸೇವಕರು ಕೈಕಟ್ಟಿ ನಿಲ್ಲುವುದು ಎರಡನೆಯದು. ಮಾಲಿಯವರೊಡನೆ ಕೆಲಸದ ಮಾತು ಆಡುವವರು ಒಬ್ಬರೇ ಇರಲಿ. ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳ, ವಾರದ ರಜೆ, ಯಾವ ಯಾವ ಕೆಲಸ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಅಗೆತ, ಗೊಬ್ಬರ ತಿರುವುವುದು ಅವರದ್ದಾದರೆ ನೀರು, ಕಳೆ, ಕೊಯ್ಲು ಸದಸ್ಯರದ್ದಾಗಿಯೇ ಉಳಿಯಬೇಕು. ಇಲ್ಲದಿದ್ದರೆ ಅದು ಸಮುದಾಯದ ತೋಟವಾಗಿ ಉಳಿಯದೆ ಬಾಡಿಗೆ ತರಕಾರಿ ಅಂಗಡಿಯಾಗುತ್ತದೆ.

ಒಂದೇ ದಿನಕ್ಕೆ ಬರುವ ತಂಡಗಳು

ಕಂಪನಿಗಳ ಸಾಮಾಜಿಕ ಹೊಣೆಯ ಕಾರ್ಯಕ್ರಮದಡಿ ಒಂದೇ ಬಣ್ಣದ ಅಂಗಿ ತೊಟ್ಟ ಮೂವತ್ತು ನಲವತ್ತು ಮಂದಿ ಎರಡು ಗಂಟೆಗೆ ಬರುವುದು ಬೆಂಗಳೂರಿನಲ್ಲಿ ಸಾಮಾನ್ಯ. ಅವರ ಕೈಗೆ ಸಸಿ ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಸಸಿ ಉಳಿಯುವುದಿಲ್ಲ. ಅಷ್ಟು ಕೈಗಳು ಒಟ್ಟಿಗೆ ಬೇಕಾಗುವ ಕೆಲಸಗಳನ್ನೇ ಅವರಿಗಾಗಿ ಕಾದಿರಿಸಬೇಕು: ರಸ್ತೆಯ ತರಗೆಲೆಯನ್ನು ಗೋಣಿಗೆ ತುಂಬಿ ತರುವುದು, ಬಲಿತ ಗೊಬ್ಬರವನ್ನು ಜರಡಿ ಹಿಡಿಯುವುದು, ಕಟ್ಟಡದ ಹಳೆಯ ಇಟ್ಟಿಗೆ ಗಾರೆಯ ಚೂರುಗಳನ್ನು ಆರಿಸುವುದು. ಹಿಂದಿನ ದಿನವೇ ಬಾಂಡಲಿ, ಸನಿಕೆ, ಮಂಕರಿಗಳನ್ನು ಎಣಿಸಿಟ್ಟು, ಎಂಟೆಂಟು ಮಂದಿಗೆ ಒಬ್ಬ ಸದಸ್ಯರನ್ನು ಜೊತೆ ಮಾಡಿ. ಬರುವವರು ದೇಣಿಗೆ ಕೊಡಲು ಇಚ್ಛಿಸಿದರೆ ನಾಮಫಲಕಕ್ಕಿಂತ ಇನ್ನೂರು ಲೀಟರಿನ ಡ್ರಮ್ಮನ್ನೇ ಕೇಳಬಹುದು.

ಗೊಬ್ಬರದ ಗುಂಡಿ

ಇಲ್ಲಿ ಹೇಳಬೇಕಾದದ್ದು ಸ್ವಲ್ಪ. ಮನೆಗಳಿಂದ ಹಸಿ ಕಸ ತರುವವರು ಪ್ರತಿ ಬುಟ್ಟಿಗೆ ಎರಡು ಬುಟ್ಟಿ ಒಣ ಎಲೆ ಮುಚ್ಚಿಯೇ ಹೋಗಬೇಕು, ಬೇಯಿಸಿದ ಅನ್ನ ಸಾರು ತರಬಾರದು. ವಾಸನೆ ಬಂದರೆ ಮೊದಲು ದೂರುವುದು ಪಕ್ಕದ ಮನೆಯವರು, ಆದ್ದರಿಂದ ಗುಂಡಿಯ ಹೊಣೆಗಾರರು ಅವರನ್ನೇ ಆಗಾಗ ವಿಚಾರಿಸುತ್ತಿರಲಿ. ಕೆಲಸವನ್ನು ಕಣ್ಣಾರೆ ಕಂಡು ಕಲಿಯಬೇಕೆಂದವರು ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ನೋಡಬಹುದು.

ಕೊಯ್ಲಿನ ಹಂಚಿಕೆ

ಬಿತ್ತುವ ದಿನ ಯಾರಿಗೂ ಬೇಡವಾದ ಈ ವಿಷಯ ಮೊದಲ ಟೊಮೆಟೊ ಕೆಂಪಾದ ದಿನ ಜಗಳವಾಗಿ ಏಳುತ್ತದೆ. ಮನೆಗೊಂದು ಮಡಿ ಎಂಬ ಕ್ರಮವಿದ್ದರೆ ಬೆಳೆದವರೇ ಒಯ್ಯುತ್ತಾರೆ, ತಕರಾರು ಕಡಿಮೆ. ಆದರೆ ಪಾಳುಬಿದ್ದ ಮಡಿ ಉಳಿದವರ ಕಣ್ಣು ಚುಚ್ಚುತ್ತದೆ. ಮೂರು ವಾರ ಆರೈಕೆಯಿಲ್ಲದ ಮಡಿಯನ್ನು, ಒಮ್ಮೆ ತಿಳಿಸಿದ ಮೇಲೆ, ಕಾಯುತ್ತಿರುವ ಮುಂದಿನ ಮನೆಗೆ ಕೊಡುವ ನಿಯಮವನ್ನು ಆರಂಭದಲ್ಲೇ ಬರೆದಿಟ್ಟುಕೊಳ್ಳಬೇಕು. ಎಲ್ಲ ಮಡಿಗಳೂ ಎಲ್ಲರವೂ ಎಂಬ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದರಲ್ಲಿ ಬೆಳೆಯ ಸರದಿಯನ್ನು ಸರಿಯಾಗಿ ಹಾಕಿಕೊಳ್ಳಬಹುದು. ಅಲ್ಲಿ ಕೊಯ್ಲಿಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಎಲ್ಲವನ್ನೂ ಒಂದು ಚಾಪೆಯ ಮೇಲೆ ಹಾಕಿ ತೂಗಿ, ಆ ವಾರ ದುಡಿದವರಿಗೆ ಸಮಪಾಲು ಮಾಡಬೇಕು. ಮೆಂತ್ಯ, ಹರಿವೆಯಂಥವು ಇಪ್ಪತ್ತೈದು ಮೂವತ್ತು ದಿನಕ್ಕೇ ಕೈಗೆ ಬರುವುದರಿಂದ ಹೊಸ ತೋಟದಲ್ಲಿ ಮೊದಲ ಹಂಚಿಕೆ ಸೊಪ್ಪಿನಿಂದಲೇ ಆಗಲಿ. ಒಂದು ಕಟ್ಟು ಸೊಪ್ಪು ಮನೆಗೆ ಬಂದ ಮೇಲೆ ಪಾಳಿಗೆ ಬರುವವರ ಸಂಖ್ಯೆ ತಾನಾಗಿ ಏರುತ್ತದೆ. ಮಿಕ್ಕಿದ್ದನ್ನು ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಅಥವಾ ಹತ್ತಿರದ ಅಂಗನವಾಡಿಗೆ ಅಂದೇ ಕೊಡಬೇಕು, ಬಾಡಿದ್ದನ್ನು ಕೊಡಬಾರದು.

ಬೆಳಗಿನ ಜಾವ ಕವರ್ ಹಿಡಿದು ಬೇಲಿಯಾಚೆಯಿಂದ ಪೂಜೆಗೆ ಹೂ ಕೀಳುವವರೊಡನೆ ಯಾವ ತೋಟವೂ ಗೆದ್ದದ್ದನ್ನು ನಾನು ಕಂಡಿಲ್ಲ. ಫಲಕ ಹಾಕಿ ಬೈಯುವುದಕ್ಕಿಂತ ಬೇಲಿಯ ಉದ್ದಕ್ಕೂ ದಾಸವಾಳ, ನಂದಬಟ್ಟಲು, ಕರಿಬೇವು, ದೊಡ್ಡಪತ್ರೆಯನ್ನು ಹಾದಿಹೋಕರಿಗೆಂದೇ ಹಾಕಿಬಿಡುವುದು ಸುಲಭ. ಒಳಗಿನ ಬದನೆಗೆ ಕೈ ಹಾಕುವುದು ಆಗ ತಾನಾಗಿ ತಗ್ಗುತ್ತದೆ, ಹೂ ಕೀಳುವವರಲ್ಲಿ ಒಬ್ಬಿಬ್ಬರು ಪಾಳಿಗೂ ಹೆಸರು ಕೊಡುತ್ತಾರೆ.

ಹಣ ಮತ್ತು ಜಗಳ

ವಂತಿಗೆ ಎಲ್ಲರಿಗೂ ಒಂದೇ ಇರಲಿ, ಕೊಡಲಾಗದವರು ಹೆಚ್ಚು ಪಾಳಿ ಮಾಡಬಹುದೆಂಬ ಅವಕಾಶವೂ ಇರಲಿ. ಖಾತೆಗೆ ಇಬ್ಬರ ಸಹಿ, ಪ್ರತಿ ತಿಂಗಳ ಮೊದಲ ಭಾನುವಾರ ಜಮಾ ಖರ್ಚಿನ ಒಂದು ಹಾಳೆ ಗೇಟಿನ ಫಲಕದ ಮೇಲೆ. ರಾಸಾಯನಿಕ ಸಿಂಪಡಿಸಬೇಕೇ ಬೇಡವೇ, ನಾಯಿಗಳನ್ನು ಒಳಗೆ ಬಿಡಬೇಕೇ ಎಂಬಂಥ ವಾದಗಳನ್ನು ಫೋನಿನ ಗುಂಪಿನಲ್ಲಿ ನಡೆಸದೆ ತೋಟದಲ್ಲೇ ನಿಂತು ಮುಗಿಸಬೇಕು. ಹೊಣೆ ಹೊತ್ತ ಐವರಲ್ಲಿ ಮೂವರು ಒಪ್ಪಿದ್ದು ಒಂದು ಹಂಗಾಮಿನ ಮಟ್ಟಿಗೆ ನಡೆಯುತ್ತದೆ ಎಂದಿಟ್ಟುಕೊಂಡರೆ ಸೋತವರೂ ಮುಂದಿನ ಹಂಗಾಮಿಗಾಗಿ ಉಳಿದುಕೊಳ್ಳುತ್ತಾರೆ.

ಜಾಗ ಬಿಟ್ಟುಕೊಡುವಾಗ

ಎರವಲು ನಿವೇಶನದ ತೋಟಕ್ಕೆ ಒಂದು ದಿನ ಮಾಲೀಕರಿಂದ ಫೋನ್ ಬಂದೇ ಬರುತ್ತದೆ. ಅಂದಿನಿಂದ ಹೊಸ ಬಿತ್ತನೆ ನಿಲ್ಲಿಸಿ, ಬೀಜಕ್ಕೆ ಬಿಟ್ಟ ಗಿಡಗಳನ್ನು ಮಾತ್ರ ಕೊನೆಯವರೆಗೆ ಉಳಿಸಿಕೊಳ್ಳಬೇಕು. ವರ್ಷಗಳ ಗೊಬ್ಬರ ಉಂಡ ಮೇಲ್ಮಣ್ಣು ತೋಟದ ನಿಜವಾದ ಆಸ್ತಿ. ಅದನ್ನು ಒಯ್ಯಲು ಮಾಲೀಕರ ಒಪ್ಪಿಗೆ ಪಡೆದು ಆರೇಳು ಅಂಗುಲದಷ್ಟನ್ನು ಗೋಣಿಚೀಲಗಳಿಗೆ ತುಂಬಿ, ಮುಂದಿನ ಜಾಗ ಸಿಗುವವರೆಗೆ ಸದಸ್ಯರ ತಾರಸಿಗಳಿಗೆ ಹಂಚಬಹುದು. ಸಲಕರಣೆ ಯಾರ ಮನೆಯಲ್ಲಿ ಎಷ್ಟಿದೆಯೆಂದು ಪಟ್ಟಿ ಮಾಡಿ, ಬೇಲಿಯ ಕಂಬಗಳ ಗುಂಡಿ ಮುಚ್ಚಿ, ನೆಲ ಸಮ ಮಾಡಿದ ಮೇಲೆ ಮಾಲೀಕರನ್ನು ಕರೆದು ತೋರಿಸಿ, ಜಾಗ ಸರಿಯಾಗಿ ತಲುಪಿದೆಯೆಂದು ಎರಡು ಸಾಲು ಬರೆಸಿಕೊಳ್ಳಿ. ಅದೇ ಬಡಾವಣೆಯ ಬೇರೊಂದು ಖಾಲಿ ನಿವೇಶನದವರ ಬಳಿ ಹೋಗುವಾಗ ಆ ಚೀಟಿಯ ಪ್ರತಿಯನ್ನೂ ನೀರಿನ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.